ಬೀಜ ಹೊತ್ತ ಬಂಡಿಗಳ ಹಿಂದೆ

ಬೀದರಿನವರಿಗೆ ತೆಲಂಗಾಣದ ಝರಾಸಂಗಮ ದೂರದ ಊರೇನಲ್ಲ. ಅಲ್ಲಿನ ಕೇತಕಿ ಸಂಗಮೇಶ್ವರನ ಗುಡಿಗೆ ಅಮಾವಾಸ್ಯೆ ಅಮಾವಾಸ್ಯೆಗೆ ಹೋಗಿಬರುವ ಮನೆಗಳು ನಮ್ಮ ಓಣಿಯಲ್ಲೇ ಇವೆ. ಅವ್ವ ಎಷ್ಟು ಸಲ ಹೋಗಿದ್ದಾಳೋ ಲೆಕ್ಕವಿಲ್ಲ. ಆದರೆ ಆ ಗುಡಿಯ ಸುತ್ತಲಿನ ಹಳ್ಳಿಗಳಲ್ಲಿ ಪ್ರತಿ ಸಂಕ್ರಾಂತಿಗೆ ಬೀಜಗಳ ಜಾತ್ರೆ ಹೊರಡುತ್ತದೆ ಅನ್ನುವುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಗೆಳತಿಯೊಬ್ಬಳು ಹೇಳಿದಾಗ ಸ್ವಲ್ಪ ನಾಚಿಕೆಯೇ ಆಯಿತು. ನಮ್ಮೂರಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಅದು!

ಕಳೆದ ವರ್ಷ ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವನನ್ನೂ ಕರೆದುಕೊಂಡು ಹೊರಟೆ. ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ಅನ್ನ ಕಡಿಮೆ ಮಾಡಿ, ರೊಟ್ಟಿ ಉಣ್ಣಿ ಅಂತ ಡಾಕ್ಟರು ಹೇಳಿದ್ದರು. ಮನೆಯ ಹೊಲದಲ್ಲಿ ಮಾತ್ರ ಸೋಯಾ ಮತ್ತು ಕಬ್ಬು. ರೊಟ್ಟಿಗೆ ಜೋಳವನ್ನು ಸಂತೆಯಿಂದ ಕೊಂಡು ತರಬೇಕು. ಹೊಲ ಇದ್ದೂ ಜೋಳ ಕೊಳ್ಳುವುದು ಅವ್ವನಿಗೆ ಇವತ್ತಿಗೂ ಒಗ್ಗಿಲ್ಲ.

ಬೀದರ್‌ನಿಂದ ಜಹೀರಾಬಾದ್‌ಗೆ ಬಸ್ಸು. ಅಲ್ಲಿಂದ ಹತ್ತಿರದ ಪಸ್ತಾಪುರಕ್ಕೆ ಆಟೊ. ಈ ಜಾತ್ರೆ ನಡೆಸುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇರುವುದು ಇಲ್ಲೇ. ಎಲ್ಲರೂ ಡಿಡಿಎಸ್ ಅಂತಾರೆ. 1983ರಲ್ಲಿ ಶುರುವಾದ ಸಂಸ್ಥೆ. ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ನಮ್ಮ ಕನ್ನಡದವರು. ದೂರದರ್ಶನದಲ್ಲಿ ಕೆಲಸ ಮಾಡುತ್ತಿದ್ದವರು ಅದನ್ನು ಬಿಟ್ಟು ಈ ಕೆಂಪು ನೆಲಕ್ಕೆ ಬಂದು ಉಳಿದರು. ಇಲ್ಲಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘಗಳಿವೆ. ಹೆಚ್ಚಿನವರು ದಲಿತರು, ಒಂದೋ ಎರಡೋ ಎಕರೆ ಇರುವವರು. ಸಂಘದ ಸದಸ್ಯೆಯರು ಸಾವಿರಗಟ್ಟಲೆ ಇದ್ದಾರೆ.

ಆ ದಿನ ಬಂಡಿಗಳು ಯಾವ ಊರಿಗೆ ಹೋಗುತ್ತವೆ ಅಂತ ಕೇಳಿಕೊಂಡು ಮತ್ತೊಂದು ಆಟೊ ಹತ್ತಿದೆವು. ಆಟೊದವನಿಗೆ ಊರ ಹೆಸರು ಸರಿಯಾಗಿ ಕೇಳಿಸಿರಲಿಲ್ಲವೋ ಏನೋ, ಒಂದು ಊರು ಮೊದಲೇ ಇಳಿಸಿಬಿಟ್ಟ. ಎರಡು ಕಿಲೋಮೀಟರ್ ನಡಿಗೆ. ಮೊದಲು ಬೇಜಾರಾಯಿತು. ಆಮೇಲೆ, ನಡೆದದ್ದೇ ಒಳ್ಳೆಯದಾಯಿತು ಅನ್ನಿಸಿತು.

ದಾರಿ ಪಕ್ಕದ ಒಂದು ಹೊಲದ ಮುಂದೆ ಅವ್ವ ನಿಂತುಬಿಟ್ಟಳು. ಒಂದು ಎಕರೆಯೂ ಇರಲಿಕ್ಕಿಲ್ಲ. ಅಂಚಿನ ಸುತ್ತ ಕುಸುಬೆ, ಬೇಲಿ ಹಾಕಿದ ಹಾಗೆ. ಅದರ ಮುಳ್ಳಿಗೆ ದನ ಒಳಗೆ ಬಾಯಿ ಹಾಕುವುದಿಲ್ಲ. ಒಳಗೆ ಹಾಲುಗಾಳಿನ ಜೋಳ. ಜೋಳದ ಸಾಲುಗಳ ನಡುವೆ ಕಡಲೆ. ಅಲ್ಲಲ್ಲಿ ಅಗಸೆಯ ನೀಲಿ ಹೂವು, ಕೊತ್ತಂಬರಿ, ಸಾಸಿವೆ, ಬಟಾಣಿ, ಒಂದು ಮೂಲೆಯಲ್ಲಿ ನಾಲ್ಕು ಸಾಲು ಗೋಧಿ. ಅವ್ವ ಬೆರಳು ಮಡಚಿ ಎಣಿಸುತ್ತಾ ಹೋದಳು. ಎರಡೂ ಕೈಯ ಬೆರಳು ಮುಗಿದವು. ಆಮೇಲೆ ಬದುವಿನ ಮೇಲೆ ಬಗ್ಗಿ ಹಕ್ಕರಕಿ ಸೊಪ್ಪು ಕಿತ್ತು, ಸೆರಗಿನಲ್ಲಿ ಒರೆಸಿ, ಹಸಿಯಾಗಿಯೇ ಬಾಯಿಗೆ ಹಾಕಿಕೊಂಡಳು.

"ನಮ್ಮ ಹೊಲದಾಗ ಈಗ ಇದು ಬರಂಗೇ ಇಲ್ಲ ನೋಡು. ಔಷಧ ಹೊಡೀತೀವಲ್ಲ," ಅಂದಳು.

ಕಳೆನಾಶಕ ಹೊಡೆದ ಹೊಲದಲ್ಲಿ ಹಕ್ಕರಕಿ ಎಲ್ಲಿಂದ ಬಂದೀತು? ಬಿತ್ತದೇ ಬರುವ ಇಂಥ ಸೊಪ್ಪುಗಳು ಇಲ್ಲಿನ ಹೆಂಗಸರಿಗೆ ಹತ್ತಾರು ಬಗೆ ಗೊತ್ತು. ತುಂಬೆ, ಗುನುಗು, ಗೋಳಿ ಸೊಪ್ಪು ಅಂತ ಹೆಸರು ಹೇಳುತ್ತಾ ಹೋಗುತ್ತಾರೆ. ಕೊಂಡು ತರಬೇಕಾಗಿಲ್ಲ, ನೀರು ಹಾಯಿಸಬೇಕಾಗಿಲ್ಲ. ಬಡವರ ಮನೆಯ ಪಲ್ಯ ಹೊಲದಲ್ಲೇ ಇರುತ್ತದೆ, ಹೊಲಕ್ಕೆ ವಿಷ ಹಾಕದಿದ್ದರೆ.

ಇನ್ನೊಂದು ಮಾತು. ಆ ಹೊಲಕ್ಕೆ ನೀರಿನ ವ್ಯವಸ್ಥೆಯೇ ಇರಲಿಲ್ಲ. ಮಳೆಗಾಲದಲ್ಲಿ ನೆಲ ಹಿಡಿದಿಟ್ಟುಕೊಂಡ ತೇವ, ಚಳಿಗಾಲದ ಇಬ್ಬನಿ, ಇಷ್ಟರಲ್ಲೇ ಹಿಂಗಾರಿ ಬೆಳೆ ಬರುತ್ತದೆ. ಇವನ್ನು ಇಲ್ಲಿನವರು 'ಸತ್ಯಂ ಪಂಟಲು' ಅನ್ನುತ್ತಾರೆ, ಸತ್ಯದ ಬೆಳೆಗಳು. ಬೋರ್‌ವೆಲ್ ಇಲ್ಲ, ಗೊಬ್ಬರದ ಚೀಲ ಇಲ್ಲ. ಕಡಲೆ, ಬಟಾಣಿಯಂಥ ಕಾಳಿನ ಗಿಡಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತವೆ. ಜೋಳ ಕೈಕೊಟ್ಟರೆ ಕಡಲೆ ಇದೆ, ಕಡಲೆಗೆ ಕಾಯಿಕೊರಕ ಬಿದ್ದರೆ ಕುಸುಬೆ ಇದೆ. ಎಲ್ಲವೂ ಒಟ್ಟಿಗೆ ಹಾಳಾಗುವುದು ಕಡಿಮೆ. ಹಳೆ ಮೈಸೂರಿನ ಕಡೆ ಅಕ್ಕಡಿ ಸಾಲು ಅನ್ನುತ್ತಾರಲ್ಲ, ಅದೇ ಜಾಣತನ. ನಮ್ಮಪ್ಪ ಎರಡು ವರ್ಷದ ಹಿಂದೆ ಒಂದು ಅಂಗಡಿಯಿಂದ ತಂದ ಸೋಯಾ ಬೀಜ ಅರ್ಧಕ್ಕರ್ಧ ಮೊಳೆಯಲೇ ಇಲ್ಲ. ಎರಡನೇ ಸಲ ಬೀಜ ಕೊಂಡು ಬಿತ್ತಿದರು. ಆ ವರ್ಷ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಈ ಹೊಲದ ಮುಂದೆ ನಿಂತಾಗ ನನಗೆ ಅದೇ ನೆನಪಾಯಿತು.

ಊರು ಸೇರುವ ಹೊತ್ತಿಗೆ ಹಲಗೆಯ ಸದ್ದು ಕೇಳುತ್ತಿತ್ತು. ಬಂಡಿಗಳು ಸಾಲಾಗಿ ಬರುತ್ತಿದ್ದವು. ಎತ್ತುಗಳ ಕೋಡಿಗೆ ಬಣ್ಣ, ಬಂಡಿಯ ಸುತ್ತ ಜೋಳದ ತೆನೆ, ಮಾವಿನ ಸೊಪ್ಪು. ಪ್ರತಿ ಬಂಡಿಯಲ್ಲೂ ಮಡಕೆಗಳು, ಬುಟ್ಟಿಗಳು. ಅವುಗಳ ತುಂಬ ಬೀಜ. ಕೊರ್ರಲು, ಸಾಮಲು, ಸಜ್ಜಲು, ತೈದಲು. ಅಂದರೆ ನವಣೆ, ಸಾಮೆ, ಸಜ್ಜೆ, ರಾಗಿ. ತೊಗರಿಯಲ್ಲೇ ಬಿಳಿ, ಕೆಂಪು, ಕಪ್ಪು. ಊರಿನ ಹೆಣ್ಣುಮಕ್ಕಳು ಆರತಿ ತಟ್ಟೆ ಹಿಡಿದು ಬಂದು ಬೀಜಗಳಿಗೆ ಕುಂಕುಮ ಇಟ್ಟರು, ದೇವರ ಪಲ್ಲಕ್ಕಿ ಬಂದಾಗ ಮಾಡುವ ಹಾಗೆ. ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಈ ಜಾತ್ರೆ ನಡೆಯುತ್ತಿದೆ. ಹೆಸರು 'ಪಾತ ಪಂಟಲ ಜಾತರ', ಹಳೆಯ ಬೆಳೆಗಳ ಜಾತ್ರೆ. ಸಂಕ್ರಾಂತಿಗೆ ಹೊರಟರೆ ಒಂದು ತಿಂಗಳು ಊರಿಂದ ಊರಿಗೆ ಹೋಗುತ್ತದೆ.

ಅವ್ವ ಒಂದು ಬುಟ್ಟಿಯ ಹತ್ತಿರ ನಿಂತು ಕೈ ಹಾಕಿದಳು. ಒಳಗೆ ಹಳದಿ ಬಣ್ಣದ, ಸಣ್ಣ ಸಣ್ಣ ಜೋಳದ ಕಾಳು.

"ಇದೇನಕ್ಕಾ?"

"ಪಚ್ಚ ಜೊನ್ನ," ಅಂದರು ಬುಟ್ಟಿಯ ಪಕ್ಕ ಕೂತಿದ್ದ ಅಜ್ಜಿ.

ನಾನು ಹಸಿರು ಎಲ್ಲಿದೆ ಅಂತ ನೋಡುತ್ತಿದ್ದೆ. ಪಚ್ಚ ಅಂದರೆ ನನಗೆ ಹಸಿರು. ಅವರ ಮಾತಿನಲ್ಲಿ ಹಳದಿಗೂ ಪಚ್ಚ ಅನ್ನುತ್ತಾರಂತೆ. ಅವ್ವನಿಗೆ ಯಾವ ಗೊಂದಲವೂ ಇರಲಿಲ್ಲ. ಹಿಡಿ ತುಂಬ ಕಾಳು ತೆಗೆದು, ಬಿಸಿಲಿಗೆ ಹಿಡಿದು, "ನಮ್ಮ ಹಳದಿ ಜ್ವಾಳ! ನಮ್ಮ ಅತ್ತಿ ಇದ್ದಾಗ ಮುಂಗಾರಿಗೆ ಇದೇ ಬಿತ್ತತಿದ್ರು. ನಾ ಲಗ್ನ ಆಗಿ ಬಂದಾಗ ಇದರ ರೊಟ್ಟಿನೇ ತಿಂದೀನಿ," ಅಂದಳು. ಅವಳ ದನಿ ಸ್ವಲ್ಪ ನಡುಗಿತು. ಮೂವತ್ತೈದು ವರ್ಷದ ಹಿಂದಿನ ಕಾಳು ಕೈಯಲ್ಲಿತ್ತು.

ಅಜ್ಜಿ ಊಟಕ್ಕೆ ತಮ್ಮ ಮನೆಗೇ ಕರೆದುಕೊಂಡು ಹೋದರು. ಅವರ ತೆಲುಗಿನಲ್ಲಿ ಅರ್ಧ ಕನ್ನಡ, ಅವ್ವನ ಕನ್ನಡದಲ್ಲಿ ಅರ್ಧ ತೆಲುಗು. ಇಬ್ಬರಿಗೂ ದಖನಿ ಹಿಂದಿ ಬೇರೆ ಬರುತ್ತದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಅಗಸಿ ಹಿಂಡಿ. ಹಸಿಕಾಳು, ಸೊಪ್ಪು ಸೇರಿಸಿ ಬೇಯಿಸುವ ನಮ್ಮ ಎಳ್ಳಮಾವಾಸ್ಯೆಯ ಭಜ್ಜಿಯ ಮಾತು ಬಂತು. ಅಷ್ಟೂ ಬಗೆಯ ಹಸಿಕಾಳು ಈಗ ಒಂದೇ ಹೊಲದಲ್ಲಿ ಸಿಗುವುದಿಲ್ಲ, ಪೇಟೆಯಿಂದ ತಂದು ಹಬ್ಬ ಮಾಡುತ್ತೇವೆ ಅಂತ ಅವ್ವ ಹೇಳಿದಾಗ ಅಜ್ಜಿ ತುಂಬಾ ಹೊತ್ತು ಸುಮ್ಮನಿದ್ದರು.

ಊಟವಾದ ಮೇಲೆ ಬೀಜದ ಬುಟ್ಟಿಗಳನ್ನು ತೋರಿಸಿದರು. ಬಿದಿರಿನ ಬುಟ್ಟಿ, ಸಗಣಿ ಮತ್ತು ಮಣ್ಣು ಮೆತ್ತಿದ್ದು. ಒಳಗೆ ಬೀಜದ ಜೊತೆ ಬೂದಿ, ಒಣಗಿದ ಬೇವಿನ ಎಲೆ. ಮೇಲೆ ಮತ್ತೆ ಮಣ್ಣಿನಿಂದ ಮುಚ್ಚಿದ್ದು. ಮೂಗು ಹತ್ತಿರ ತಂದರೆ ಬೇವಿನ ಕಹಿ ವಾಸನೆ. ಬೀಜ ಇಲ್ಲದ ಸಂಘದವರು ಬಂದರೆ ಕೊಡುತ್ತಾರೆ. ಬೆಳೆ ಬಂದ ಮೇಲೆ ಒಂದಕ್ಕೆ ಎರಡು ಹಿಂದಿರುಗಿಸಬೇಕು. ರೊಕ್ಕದ ಮಾತೇ ಇಲ್ಲ. ಒಂದು ಕಾಲದಲ್ಲಿ ಊರ ಗೌಡರ ಮನೆ ಬಾಗಿಲಲ್ಲಿ ಕಾಳಿಗೆ ಕೈಯೊಡ್ಡಿ ನಿಂತವರು ಇವರು. ಈಗ ಅಂಥ ಮನೆಯವರೇ ಬಂದು ಬೀಜ ಕೇಳಿದ್ದುಂಟು ಅಂತ ಹೇಳುವಾಗ ಅಜ್ಜಿ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು.

ಅವರು ಹೇಳಿದ ರೇಷನ್ ಕತೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ, ಆಗ ಈ ಭಾಗವೂ ಸೇರಿದ್ದ ಆಂಧ್ರದಲ್ಲಿ, ಕಿಲೋಗೆ ಎರಡು ರೂಪಾಯಿಯ ಅಕ್ಕಿ ಕೊಡಲು ಶುರು ಮಾಡಿತು. ಹಸಿದವರಿಗೆ ಆ ಅಕ್ಕಿ ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ಕಿ ಹೊರಗಿನಿಂದ ಬಂದಷ್ಟೂ ಇಲ್ಲಿನ ಜೋಳದ ಹೊಲಗಳು ಪಾಳು ಬಿದ್ದವು. ಹೊಲ ಪಾಳು ಬಿದ್ದರೆ ಕೂಲಿಯೂ ಇಲ್ಲ, ದನಕ್ಕೆ ಕಣಿಕೆಯೂ ಇಲ್ಲ. ಆಗ ಸಂಘದ ಹೆಂಗಸರು ಕೇಳಿದರಂತೆ: ಎಲ್ಲಿಂದಲೋ ಅಕ್ಕಿ ತರುವ ಬದಲು ನಮ್ಮ ಪಾಳು ಹೊಲದಲ್ಲಿ ನಮ್ಮ ಜೋಳ ಬೆಳೆದು ನಮ್ಮವರಿಗೇ ಕೊಟ್ಟರೆ ಆಗುವುದಿಲ್ಲವೇ?

1990ರ ದಶಕದ ಮಧ್ಯದಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯ ನೆರವಿನಿಂದ ಅದನ್ನು ಮಾಡಿಯೇ ತೋರಿಸಿದರು. ಸುಮಾರು 30 ಹಳ್ಳಿಗಳಲ್ಲಿ ಎರಡೂವರೆ ಸಾವಿರ ಎಕರೆಗೂ ಜಾಸ್ತಿ ಪಾಳು ನೆಲ ಉತ್ತರು. ಉಳುಮೆಗೆ, ತಿಪ್ಪೆಗೊಬ್ಬರಕ್ಕೆ, ಕಳೆ ತೆಗೆಯುವುದಕ್ಕೆ ರೈತರಿಗೆ ಸಾಲ. ಸಾಲ ತೀರಿಸುವುದು ಜೋಳದ ರೂಪದಲ್ಲಿ. ಆ ಜೋಳ ಊರಲ್ಲೇ ಉಳಿಯುತ್ತದೆ. ಮಳೆಗಾಲದ ಕಷ್ಟದ ತಿಂಗಳುಗಳಲ್ಲಿ ಬಡವರಿಗೆ ಕಡಿಮೆ ಬೆಲೆಗೆ ಸಿಗುತ್ತದೆ. ಬಡವರು ಯಾರು? ಅದನ್ನು ಊರವರೇ ಒಟ್ಟಿಗೆ ಕೂತು ತೀರ್ಮಾನಿಸಿದರು. ನೆಲದ ಮೇಲೆ ಊರಿನ ಚಿತ್ರ ಬರೆದು, ಮನೆ ಮನೆಗೂ ಬಣ್ಣದ ಪುಡಿ ಹಾಕಿದರು. ಹೆಚ್ಚು ಬಡವರಿಗೆ ಹೆಚ್ಚು ಜೋಳ. ಎಲ್ಲರ ಕಣ್ಣೆದುರು ಹಾಕಿದ ಬಣ್ಣ, ಸುಳ್ಳು ಹೇಳುವುದು ಕಷ್ಟ ಅಲ್ವಾ?

2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ, ಗೋಧಿಯ ಜೊತೆ ಜೋಳ, ರಾಗಿ, ಸಜ್ಜೆಯಂಥ ಧಾನ್ಯವನ್ನೂ ಕಿಲೋಗೆ ಒಂದು ರೂಪಾಯಿಗೆ ಕೊಡಬಹುದು ಅಂತ ಬಂತು. ಈ ಹೆಂಗಸರು ಅದನ್ನು ಎಷ್ಟೋ ವರ್ಷ ಮೊದಲೇ ಮಾಡಿದ್ದರು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಇವರನ್ನು ಹುಡುಕಿಕೊಂಡು ಬಂತು.

ಸಂಜೆಗೆ ಮುಂಚೆ ಮಾಚ್ನೂರಿಗೆ ಹೋಗಿ ಸಂಘದ ಹೆಂಗಸರದೇ ಆದ ಸಂಘಂ ರೇಡಿಯೊ ನೋಡಿದೆವು. 90.4 ಮೆಗಾಹರ್ಟ್ಸ್. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಅಂತ 1995ರಲ್ಲಿ ಸುಪ್ರೀಂ ಕೋರ್ಟಿನಿಂದ ತೀರ್ಪು ಕೊಟ್ಟ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರೇ 2008ರ ಅಕ್ಟೋಬರ್ 15ರಂದು ಬಂದು ಇದನ್ನು ಉದ್ಘಾಟಿಸಿದರು. ಮೊದಲಿಂದ ರೇಡಿಯೊ ನಡೆಸಿದ ಇಬ್ಬರು ಹೆಣ್ಣುಮಕ್ಕಳ ಹೆಸರೂ ನರಸಮ್ಮ. ಒಬ್ಬರು ಜನರಲ್ ನರಸಮ್ಮ, ಇನ್ನೊಬ್ಬರು ಆಲ್ಗೋಲೆ ನರಸಮ್ಮ. ಬಿತ್ತನೆ, ದನದ ಕಾಯಿಲೆ, ನಾಟಿ ಔಷಧಿ, ಹಾಡು, ಎಲ್ಲವೂ ಅವರದೇ ಮಾತಿನಲ್ಲಿ ಬರುತ್ತವೆ.

ಸತೀಶ್ ಅವರು ತೀರಿಕೊಂಡಿದ್ದು 2023ರ ಮಾರ್ಚ್ 19ರಂದು. ಅದು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಘೋಷಿಸಿದ್ದ ವರ್ಷ. ಹಿಂದಿನ ದಿನವಷ್ಟೇ ದೆಹಲಿಯಲ್ಲಿ ಸಿರಿಧಾನ್ಯಗಳ ದೊಡ್ಡ ಜಾಗತಿಕ ಸಮ್ಮೇಳನವನ್ನು ಪ್ರಧಾನಿ ಉದ್ಘಾಟಿಸಿದ್ದರು. ಹಿಂದೆ ಯಾರೂ ಕೇಳದಿದ್ದ ಕಾಲದಲ್ಲಿ ನವಣೆ, ಸಾಮೆ ಅಂತ ದಶಕಗಟ್ಟಲೆ ಹೇಳಿಕೊಂಡು ಬಂದವರು ಅವರು. ಪಸ್ತಾಪುರದಲ್ಲಿ ಅವರ ಹೆಸರೆತ್ತಿದರೆ ಈಗಲೂ ಹೆಂಗಸರ ಕಣ್ಣು ತುಂಬಿಕೊಳ್ಳುತ್ತದೆ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಬರೆಯಲಾರೆ. ದಾರಿಯುದ್ದಕ್ಕೂ ಕಬ್ಬು ಕಂಡಿತು. ಝರಾಸಂಗಮದ ಸುತ್ತ ಕೈಗಾರಿಕೆಗೆಂದು ಸಾವಿರಾರು ಎಕರೆ ನೆಲ ಹೋಗುತ್ತಿದೆ. ನವಣೆ, ಸಾಮೆಯ ಹೊಟ್ಟು ಬಿಡಿಸುವುದು ಇಂದಿಗೂ ಸುಲಭವಲ್ಲ. ಒರಳಿನಲ್ಲಿ ಕುಟ್ಟಿ ಕುಟ್ಟಿ ಸೋತ ಹೆಂಗಸರು ರೇಷನ್ ಅಕ್ಕಿಯನ್ನು ಆರಿಸಿಕೊಂಡರೆ ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಚಂದದ ಪ್ಯಾಕೆಟ್‌ನಲ್ಲಿ ಸಿರಿಧಾನ್ಯ ಕೊಳ್ಳುವ ನನ್ನಂಥವರು ಈ ಕುಟ್ಟುವ ಕೈಗಳನ್ನೂ ನೆನೆಯಬೇಕು. ಊರೂರಿಗೆ ಒಂದು ಸಣ್ಣ ಗಿರಣಿ ಬಂದರೆ ಅರ್ಧ ಕಷ್ಟ ಕಳೆಯುತ್ತದೆ.

ಹೊರಡುವಾಗ ಅವ್ವ ಅಜ್ಜಿಯ ಹತ್ತಿರ ಪಚ್ಚ ಜೋಳದ ಬೀಜ ಕೇಳಿದಳು. ರೊಕ್ಕ ಕೊಡಲು ಹೋದಾಗ ಅಜ್ಜಿ ಅವ್ವನ ಕೈ ಹಿಡಿದು ಮಡಚಿದರು. ಅರ್ಧ ಸೇರು ಅಳೆದು ಕೊಟ್ಟರು. "ಮುಂದಿನ ಸಂಕ್ರಾಂತಿಗೆ ಒಂದು ಸೇರು," ಅಂದರು. ಅವ್ವ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಚೀಲದಲ್ಲಿ ಇಡು ಅಂದರೆ ಕೇಳಲಿಲ್ಲ. ಬಸ್ಸಿನಲ್ಲಿ ಬೀದರ್ ಬರುವ ತನಕ ಆ ಗಂಟಿನ ಮೇಲೆ ಕೈ ಇತ್ತು.

ಜೂನ್‌ನಲ್ಲಿ ಅಪ್ಪ ಬಾವಿ ಕಡೆಯ ಒಂದು ಮೂಲೆ ಬಿಟ್ಟುಕೊಟ್ಟರು. ಮೊದಲು ಅವರಿಗೆ ಮನಸ್ಸಿರಲಿಲ್ಲ. ಜೋಳದ ಜೊತೆ ಅವ್ವ ತೊಗರಿ, ಪುಂಡಿ, ಹೆಸರು ಹಾಕಿದಳು. ಅಲ್ಲಿಗೆ ಔಷಧ ಹೊಡೆಯಲು ಬಿಡಲಿಲ್ಲ. ಹಕ್ಕಿಗಳು ಒಂದಷ್ಟು ತಿಂದವು. ಆದರೂ ದೀಪಾವಳಿಯ ಹೊತ್ತಿಗೆ ಹಳದಿ ತೆನೆಗಳು ಬಾಗಿದ್ದವು. ಒಳ್ಳೆಯ ತೆನೆಗಳನ್ನು ಅವಳೇ ಆರಿಸಿ, ಅಡುಗೆಮನೆಯ ಜಂತಿಗೆ ಕಟ್ಟಿದಳು.

ನಾಳೆ ಮತ್ತೆ ಹೊರಟಿದ್ದೇವೆ. ಇವತ್ತು ಸಂಜೆ ಅವ್ವ ಪಡಸಾಲೆಯಲ್ಲಿ ಕೂತು ಬೀಜ ಅಳೆದಳು. ಒಂದು ಸೇರು ತುಂಬಿಸಿ, ಅಂಗೈಯಿಂದ ಸಮ ಮಾಡಿ ಚೀಲಕ್ಕೆ ಸುರಿದಳು. ಆಮೇಲೆ ಇನ್ನೊಂದು ಹಿಡಿ ತೆಗೆದು ಹಾಕಿದಳು.

"ಅದ್ಯಾಕವ್ವ? ಲೆಕ್ಕ ಮುಗೀತಲ್ಲ?"

"ಇರಲಿ ಬಿಡು," ಅಂದಳು ಚೀಲದ ಬಾಯಿ ಕಟ್ಟುತ್ತಾ.