ರೋಹ್ನಾ: ಇಳಿಯದ ದೋಣಿಗಳ ಹಡಗು

ಮದ್ರಾಸು, ನಾಗಪಟ್ಟಣ, ಪೆನಾಂಗ್, ಸಿಂಗಪುರ. ರೋಹ್ನಾ ಹುಟ್ಟಿದ್ದು ಈ ದಾರಿಗಾಗಿ. 1926ರಲ್ಲಿ ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ, ಹೆಬ್ಬರ್ನ್‌ನ ಹಾಥಾರ್ನ್ ಲೆಸ್ಲಿ ಕಾರ್ಖಾನೆ ಕಟ್ಟಿದ ಹಡಗು. ಒಡೆತನ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯದು. 8,602 ಟನ್, ಸುಮಾರು 461 ಅಡಿ ಉದ್ದ, ಎರಡು ಪ್ರೊಪೆಲ್ಲರ್. ಮಲಯಾದ ತೋಟಗಳಿಗೆ ದುಡಿಯಲು ಹೋಗುವವರು ಡೆಕ್ ಟಿಕೆಟ್ ತೆಗೆದುಕೊಂಡು, ಚಾಪೆ ಹಾಸಿ, ದಿನಗಟ್ಟಲೆ ಪಯಣಿಸುತ್ತಿದ್ದ ಬಗೆಯ ಹಡಗು ಇದು.

1940ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಬ್ರಿಟಿಷ್ ಸರ್ಕಾರ ಅದನ್ನು ಸೈನ್ಯ ಸಾಗಿಸಲು ವಶಕ್ಕೆ ತೆಗೆದುಕೊಂಡಿತು. ಹೆಸರಿನ ಮೊದಲಿಗೆ ಎಚ್‌ಎಂಟಿ ಸೇರಿತು. ನಮಗೆ ಎಚ್‌ಎಂಟಿ ಅಂದರೆ ಕೈಗಡಿಯಾರ. ಇಲ್ಲಿ ಅದು ಹಿಸ್ ಮೆಜೆಸ್ಟೀಸ್ ಟ್ರಾನ್ಸ್‌ಪೋರ್ಟ್. ಡೆಕ್ ಪ್ರಯಾಣಿಕರ ಹಡಗನ್ನು ಸೈನ್ಯಕ್ಕೆ ಹೊಂದಿಸುವುದು ಸುಲಭ, ಏಕೆಂದರೆ ಒಳಗೆ ಒಡೆದು ತೆಗೆಯಬೇಕಾದ ಕೋಣೆಗಳು ಕಡಿಮೆ. ಅಗಲವಾದ ಖಾಲಿ ಡೆಕ್ಕುಗಳಲ್ಲಿ ಉದ್ದನೆಯ ಊಟದ ಮೇಜುಗಳನ್ನು ಬಿಗಿದು, ಛಾವಣಿಗೆ ಕೊಕ್ಕೆ ಹೊಡೆದರೆ ಮುಗಿಯಿತು. ಹಗಲು ಉಂಡ ಮೇಜಿನ ಮೇಲೆಯೇ ರಾತ್ರಿ ತೂಗುಹಾಸಿಗೆ ಕಟ್ಟಿ ಮಲಗುವುದು ಬ್ರಿಟಿಷ್ ಸೈನ್ಯದ ಹಡಗುಗಳ ಪದ್ಧತಿ.

1943ರ ನವೆಂಬರ್ 25ರಂದು ಅಲ್ಜೀರಿಯಾದ ಓರಾನ್‌ನಿಂದ ಹೊರಟಾಗ ಅದರಲ್ಲಿ ಸುಮಾರು ಎರಡು ಸಾವಿರ ಅಮೆರಿಕನ್ ಸೈನಿಕರಿದ್ದರು. ಸೂಯೆಜ್ ದಾಟಿ ಭಾರತಕ್ಕೆ ಬರುವವರು. ಅವರಲ್ಲಿ ವಿಮಾನನೆಲೆ ಕಟ್ಟುವ 853ನೇ ಎಂಜಿನಿಯರ್ ಬೆಟಾಲಿಯನ್ ಕೂಡ ಇತ್ತು. ಓರಾನ್‌ನಿಂದ ಮುಂದೆ ಕೆಎಂಎಫ್-26 ಎಂಬ ಹಡಗುಗಳ ಸಾಲಿನ ಜೊತೆ ಸಾಗಿತು. ಮರುದಿನ ಸಂಜೆ, ಅಲ್ಜೀರಿಯಾದ ಬೂಜಿ ಪಟ್ಟಣದಾಚೆಯ ಸಮುದ್ರದಲ್ಲಿ ಜರ್ಮನ್ ವಿಮಾನಗಳು ಎರಗಿದವು.

ರೋಹ್ನಾಕ್ಕೆ ತಗುಲಿದ್ದು ಹೆನ್ಶೆಲ್ ಎಚ್‌ಎಸ್ 293. ರೆಕ್ಕೆಯುಳ್ಳ ಬಾಂಬ್ ಅದು, ರೆಕ್ಕೆಯ ಅಗಲ ಸುಮಾರು 3.1 ಮೀಟರ್. ವಿಮಾನದಿಂದ ಕಳಚಿದೊಡನೆ ಹೊಟ್ಟೆಯ ಕೆಳಗಿನ ರಾಕೆಟ್ ಸುಮಾರು ಹತ್ತು ಸೆಕೆಂಡು ಉರಿದು ಅದಕ್ಕೆ ವೇಗ ಕೊಡುತ್ತದೆ. ಆಮೇಲೆ ತೇಲುತ್ತ ಇಳಿಯುತ್ತದೆ. ಬಾಲದಲ್ಲಿ ಉರಿಯುವ ಬೆಳಕನ್ನು ನೋಡುತ್ತ ವಿಮಾನದಲ್ಲಿದ್ದವನು ಪುಟ್ಟ ಹಿಡಿಯೊಂದನ್ನು ಆಡಿಸಿ ರೇಡಿಯೋ ಮೂಲಕ ಅದನ್ನು ತಿರುಗಿಸುತ್ತಾನೆ. ಬಾಂಬು ಎಡಮಗ್ಗುಲಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ತಗಡನ್ನು ತೂರಿ ಒಳಗೆ ಸಿಡಿಯಿತು. ಎಂಜಿನ್ ಕೋಣೆ ಹಾಳಾಯಿತು, ವಿದ್ಯುತ್ ಹೋಯಿತು, ಪಂಪುಗಳು ನಿಂತವು, ಬೆಂಕಿ ಹಬ್ಬಿತು.

ಇಷ್ಟಾದರೂ ಹಡಗು ಒಂದು ಗಂಟೆಗೂ ಹೆಚ್ಚು ಹೊತ್ತು ತೇಲಿಯೇ ಇತ್ತು. ಹಾಗಾದರೆ 1,015 ಅಮೆರಿಕನ್ ಸೈನಿಕರು ಸತ್ತದ್ದು ಹೇಗೆ? ಉತ್ತರದ ದೊಡ್ಡ ಪಾಲು ಬಾಂಬಿನಲ್ಲಿಲ್ಲ. ದೋಣಿಗಳಲ್ಲಿ, ಸೊಂಟದ ಪಟ್ಟಿಯಲ್ಲಿ ಇದೆ.

ಲೈಫ್‌ಬೋಟ್ ಇಳಿಸುವುದು ಬಾವಿಗೆ ಕೊಡ ಇಳಿಸಿದಂತಲ್ಲ. ಮೊದಲು ದೋಣಿಯನ್ನು ಬಿಗಿದ ಪಟ್ಟಿಗಳನ್ನು ಬಿಚ್ಚಬೇಕು, ತಳದ ಬಿರಡೆ ಹಾಕಬೇಕು, ಡೇವಿಟ್ ಎಂಬ ಎರಡು ಕಬ್ಬಿಣದ ತೋಳುಗಳನ್ನು ಹೊರಕ್ಕೆ ಚಾಚಬೇಕು. ಆಮೇಲೆ ಮುಂದಿನ, ಹಿಂದಿನ ರಾಟೆಗಳ ಹಗ್ಗವನ್ನು ಇಬ್ಬರು ಒಂದೇ ಲಯದಲ್ಲಿ ಸಡಿಲಿಸಬೇಕು. ಒಂದು ರಾಟೆ ಓಡಿ ಇನ್ನೊಂದು ಕಚ್ಚಿಕೊಂಡರೆ ದೋಣಿ ಮೂತಿ ಕೆಳಗಾಗಿ ನಿಲ್ಲುತ್ತದೆ, ಕೂತವರೆಲ್ಲ ನೀರಿಗೆ. ಉಪ್ಪುಗಾಳಿಗೆ ರಾಟೆಯ ಅಚ್ಚು ತುಕ್ಕು ಹಿಡಿಯುತ್ತದೆ; ಅದರ ಮೇಲೆಯೇ ಪದರದ ಮೇಲೆ ಪದರ ಬಣ್ಣ ಬಳಿದರೆ ನೋಡಲು ಹೊಸದು, ತಿರುಗಿಸಲು ಕಲ್ಲು. ಬಿಡಿಸಿ, ಗ್ರೀಸ್ ಹಚ್ಚಿ, ದೋಣಿಯನ್ನು ನಿಜವಾಗಿ ನೀರಿಗಿಳಿಸಿ ನೋಡುವುದೊಂದೇ ಇದಕ್ಕೆ ಮದ್ದು. ಬದುಕಿದವರು ಹೇಳಿದ್ದೂ ಇದನ್ನೇ: ತುಕ್ಕು ಹಿಡಿದ ಡೇವಿಟ್, ಸಿಕ್ಕಿಕೊಂಡ ಹಗ್ಗ. 22 ದೋಣಿಗಳಲ್ಲಿ ಇಳಿದದ್ದು 8. ಅವುಗಳಲ್ಲೂ ಹೆಚ್ಚಿನವು ಜನ ಮುತ್ತಿ ನೀರು ತುಂಬಿಕೊಂಡವು.

ಇನ್ನು ಸೊಂಟದ ಪಟ್ಟಿ, ಅಂದರೆ ನೀರಿಗೆ ಬಿದ್ದವರನ್ನು ತೇಲಿಸುವ ಪಟ್ಟಿ. ಹಿಂಡಿದರೆ ಒಳಗಿನ ಪುಟ್ಟ ಸಿಲಿಂಡರುಗಳಿಂದ ಅನಿಲ ತುಂಬಿಕೊಳ್ಳುವ ರಬ್ಬರಿನ ಬೆಲ್ಟು. ಅದನ್ನು ಕಂಕುಳವರೆಗೆ ಏರಿಸಿಕೊಂಡೇ ಊದಿಸಬೇಕು. ಸೊಂಟದಲ್ಲೇ ಊದಿದರೆ ಮನುಷ್ಯನ ಭಾರವೆಲ್ಲ ಪಟ್ಟಿಯ ಮೇಲಕ್ಕೆ ಬಂದು, ತಲೆ ನೀರೊಳಗೆ, ಕಾಲು ಮೇಲೆ. ಇದನ್ನು ತಿಳಿಸಿಕೊಡಲು ಐದು ನಿಮಿಷ ಸಾಕಿತ್ತು. ಅಲೆ ಜೋರಾಗಿತ್ತು, ಕತ್ತಲು ಕವಿಯುತ್ತಿತ್ತು. ಸಮುದ್ರದಲ್ಲಿ ಹುದುಗಿಸಿದ ಬಾಂಬುಗಳನ್ನು ತೆಗೆಯುವ ಅಮೆರಿಕದ ಮೈನ್‌ಸ್ವೀಪರ್ ಹಡಗು ಪಯೊನಿಯರ್ ಒಂದೇ 606 ಮಂದಿಯನ್ನು ಎತ್ತಿಕೊಂಡಿತು. ಅದರ ಡೆಕ್ಕು ನೀರಿಗೆ ಹತ್ತಿರವಿದ್ದದ್ದು ದೊಡ್ಡ ಅನುಕೂಲ. ಎತ್ತರದ ಸರಕು ಹಡಗಿನ ಮಗ್ಗುಲನ್ನು ದಣಿದವನು ಹಗ್ಗ ಹಿಡಿದು ಹತ್ತಲಾರ.

ಹೊಸ ಅಸ್ತ್ರದ ಸುದ್ದಿ ಹೊರಬೀಳಬಾರದೆಂದು ಅಮೆರಿಕ ಈ ಸಾವುಗಳ ವಿವರವನ್ನು ದಶಕಗಳ ಕಾಲ ಮುಚ್ಚಿಟ್ಟಿತು. ಸತ್ತವರ ಮನೆಯವರಿಗೂ ಹೇಳಲಿಲ್ಲ.

ಹಡಗಿನ ಖಲಾಸಿಗಳು ಹೆಚ್ಚಿನವರು ಭಾರತೀಯರು. ದೋಣಿ ಇಳಿಸದೆ ಓಡಿದರು ಎಂಬ ದೂರು ಬದುಕಿದವರ ಹೇಳಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ಹಾಗೇ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಕಚ್ಚಿಕೊಂಡ ರಾಟೆ ಯಾರ ಕೈಗೂ ತಿರುಗುವುದಿಲ್ಲ. ಎಂಜಿನ್ ಕೋಣೆಯ ಪಾಳಿಯಲ್ಲಿದ್ದವರ ಮೇಲೆಯೇ ಬಾಂಬು ಸಿಡಿದಿತ್ತು. ಸಿಬ್ಬಂದಿಯಲ್ಲಿ ನೂರಕ್ಕೂ ಹೆಚ್ಚು ಜನ ಆ ರಾತ್ರಿ ಸತ್ತರು. ಆ ಯುದ್ಧದಲ್ಲಿ ಸಮುದ್ರದಲ್ಲೇ ಉಳಿದುಹೋದ 6,000ಕ್ಕೂ ಹೆಚ್ಚು ಭಾರತೀಯ ನಾವಿಕರ ಹೆಸರುಗಳನ್ನು ಎರಡು ದಾಖಲೆ ಪುಸ್ತಕಗಳಲ್ಲಿ ಬರೆದಿದ್ದಾರೆ. ಒಂದು ಪ್ರತಿ ಮುಂಬೈಗೆ, ಇನ್ನೊಂದು ಚಿತ್ತಗಾಂಗ್‌ಗೆ.