ಕಾಫಿ ಕಣದಂಚಿನಲ್ಲಿ ಒಂದು ರಾತ್ರಿ

ಡಿಸೆಂಬರ್‌ನಲ್ಲಿ ಮಲೆನಾಡಿನ ಬಯಲಲ್ಲಿ ಮಕ್ಕಳನ್ನು ಮಲಗಿಸುತ್ತೇವೆ ಎಂದಾಗ ಹಾಸನದ ನಮ್ಮ ಮನೆಯ ಹಿರಿಯರು ಯಾರೂ ಒಪ್ಪಲಿಲ್ಲ. ಆದರೂ ಎರಡನೇ ಶನಿವಾರದ ರಜೆ ನೋಡಿಕೊಂಡು, 2025ರ ಡಿಸೆಂಬರ್ 12ರ ಶುಕ್ರವಾರ ಮಧ್ಯಾಹ್ನ, ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಲ್ಲಿರುವ ಗೆಳೆಯನ ಕಾಫಿ ತೋಟಕ್ಕೆ ಮೂರು ಕುಟುಂಬಗಳ ಹನ್ನೊಂದು ಮಂದಿ ಹೊರಟೆವು. ಬಿಸಿಲೆಯ ಕಾಡಿನೊಳಗೇ ಟೆಂಟ್ ಹಾಕಬೇಕೆಂಬುದು ಮಕ್ಕಳ ಆಸೆಯಾಗಿತ್ತು. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದು ಅಪರಾಧ ಎಂಬುದನ್ನೂ, ಕಾಡಾನೆಗಳು ಎಲ್ಲಿವೆಯೆಂದು ವಿಚಾರಿಸಿಕೊಳ್ಳದೆ ಈ ಭಾಗದ ತೋಟಗಳಲ್ಲಿ ರಾತ್ರಿ ಹೊರಗೆ ಕಾಲಿಡಬಾರದು ಎಂಬುದನ್ನೂ ಅವರಿಗೆ ದಾರಿಯುದ್ದಕ್ಕೂ ತಿಳಿಹೇಳಬೇಕಾಯಿತು. ನಾವು ತೋಟ ಮುಟ್ಟಿದೊಡನೆ ಗೆಳೆಯ ಮಾಡಿದ ಮೊದಲ ಕೆಲಸವೂ ಅದೇ: ಆನೆಗಳ ಸಂಚಾರದ ಬಗ್ಗೆ ಮೊಬೈಲಿಗೆ ಬಂದಿದ್ದ ಸಂದೇಶವನ್ನು ಓದಿ, ಪಕ್ಕದ ತೋಟದ ಕೆಲಸದ ಉಸ್ತುವಾರಿ ನೋಡುವ ರೈಟರಿಗೆ ಫೋನ್ ಮಾಡಿ, ಹಿಂಡು ದೂರದಲ್ಲಿದೆಯೆಂದು ಖಾತ್ರಿಪಡಿಸಿಕೊಂಡ.

ಮನೆಯ ಕೆಳಗೆ, ಕೆರೆಯ ದಡದಲ್ಲಿ ಹುಲ್ಲು ಬೆಳೆದ ಸಮತಟ್ಟಾದ ಜಾಗವಿತ್ತು. ಅಲ್ಲೇ ಟೆಂಟ್ ಹೂಡಿದೆವು. “ಅಲ್ಲಿ ಬೇಡ ಮಗಾ, ರಾತ್ರಿ ಥಂಡಿಯೆಲ್ಲ ಬಂದು ಕೂರೋದೇ ಅಲ್ಲಿ” ಎಂದು ಗೆಳೆಯನ ತಾಯಿ ಹೇಳಿದ್ದನ್ನು ನಾವು ಕೇಳಬೇಕಿತ್ತು.

ಆಕಾಶ ತಿಳಿಯಾಗಿರುವ ಚಳಿಗಾಲದ ರಾತ್ರಿಯಲ್ಲಿ ನೆಲ ಹಗಲಿನ ಬಿಸಿಯನ್ನು ಬಹುಬೇಗ ಬಿಟ್ಟುಕೊಡುತ್ತದೆ; ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರಿನಂತೆಯೇ ಇಳಿಜಾರಿನಲ್ಲಿ ಹರಿದುಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಸಾಲದ್ದಕ್ಕೆ ಕೆರೆಯ ತೇವ. ಚಳಿಗೆ ಹೆದರಿ ಟೆಂಟಿನ ಗಾಳಿಕಿಂಡಿಗಳನ್ನು ಮುಚ್ಚಿದ್ದರಿಂದ ಹೊರಗಿನ ಇಬ್ಬನಿಯ ಜೊತೆಗೆ ಒಳಗೆ ನಮ್ಮದೇ ಉಸಿರು ನೀರಾಗಿ, ಬೆಳಗಿನ ಜಾವದ ಹೊತ್ತಿಗೆ ಬಟ್ಟೆಯಿಂದ ಹನಿಯತೊಡಗಿತು. ಥರ್ಮಾಮೀಟರ್ 10 ಡಿಗ್ರಿ ತೋರಿಸುತ್ತಿತ್ತು. ಮೇಲೆ ಎರಡೆರಡು ಕಂಬಳಿ ಹೊದಿಸಿದ್ದರೂ ಕೆಳಗೆ ಹಾಸಿದ್ದು ಒಂದು ತೆಳು ಚಾಪೆಯಷ್ಟೇ ಆಗಿದ್ದುದರಿಂದ ಚಳಿ ನೆಲದಿಂದಲೇ ಬೆನ್ನಿಗೆ ಹತ್ತುತ್ತಿತ್ತು. ಕಿರಿಯ ಮಗಳು ನಡುಗುತ್ತ ಎದ್ದು ಕುಳಿತಿದ್ದನ್ನು ಕಂಡಾಗ, ಹಟಮಾಡಿ ಕರೆತಂದ ನನ್ನ ಮೇಲೆ ನನಗೇ ಬೇಸರವಾಯಿತು. ಮಕ್ಕಳನ್ನೆಲ್ಲ ಎತ್ತಿಕೊಂಡು ಹೋಗಿ ಬಚ್ಚಲ ಒಲೆಯ ಮುಂದೆ ಕೂರಿಸಿದೆವು. ಆ ತಾಯಿ ಒಂದು ಮಾತನ್ನೂ ಆಡದೆ ಹಂಡೆಯ ಕೆಳಗೆ ಇನ್ನೆರಡು ಸೌದೆ ಒಟ್ಟಿದರು.

ಶನಿವಾರ ಹಗಲು ಅರೇಬಿಕಾ ಕೊಯ್ಲು ನಡೆದಿತ್ತು. ಕೆಂಪಾದ ಹಣ್ಣನ್ನು ಮಾತ್ರ ಬಿಡಿಸಬೇಕು, ಕಾಯಿಗೆ ಕೈ ಹಾಕಬಾರದು ಎಂಬುದನ್ನು ಕೊಯ್ಲಿನ ಹೆಂಗಸರಿಂದ ಮಕ್ಕಳು ಕಲಿತರು. ಮಧ್ಯಾಹ್ನ ಎಲ್ಲರೂ ಜಗಲಿಯಲ್ಲಿ ಕುಳಿತು, ನೆನೆಹಾಕಿದ ಅವರೆಕಾಳನ್ನು ಹಿತಕಿದೆವು. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಎನ್ನುತ್ತಾರೆ ನಮ್ಮ ಕಡೆ. ಹಿಂದಿನ ರಾತ್ರಿ ನಮ್ಮನ್ನು ಅಷ್ಟು ಗೋಳಾಡಿಸಿದ ಇಬ್ಬನಿಯೇ ಸಾರಿನಲ್ಲಿ ಅಷ್ಟು ರುಚಿಯಾಗಿ ಬಂದಿತ್ತು. ಅಕ್ಕಿ ರೊಟ್ಟಿಯ ಜೊತೆ ಅದನ್ನು ಉಂಡ ಅರಸೀಕೆರೆಯ ಗೆಳತಿ, ತಮ್ಮ ಬಯಲುಸೀಮೆಯ ಅವರೆಯೂ ಇದಕ್ಕೆ ಕಡಿಮೆಯಿಲ್ಲವೆಂದು ವಾದಿಸಿದರು. ನಾನು ಒಪ್ಪಲಿಲ್ಲ.

ಸಂಜೆ ಟೆಂಟುಗಳನ್ನು ಕಣದ ಅಂಚಿಗೆ ತಂದೆವು. ಹಗಲೆಲ್ಲ ಬಿಸಿಲು ಕುಡಿದ ಸಿಮೆಂಟ್ ಕಣ ಕತ್ತಲಾದ ಮೇಲೂ ಬೆಚ್ಚಗಿರುತ್ತದೆ, ಜಾಗ ಎತ್ತರದಲ್ಲಿರುವುದರಿಂದ ತಣ್ಣನೆಯ ಗಾಳಿಯೂ ಕೆಳಕ್ಕೆ ಜಾರಿಹೋಗುತ್ತದೆ. ಗೂಟ ಹೊಡೆಯಲಾಗದ್ದರಿಂದ ಹಗ್ಗಗಳನ್ನು ಕಲ್ಲುಗಳಿಗೆ ಕಟ್ಟಿ, ಆಗಷ್ಟೇ ಒಕ್ಕಣೆಯಾಗಿದ್ದ ಭತ್ತದ ಹುಲ್ಲನ್ನು ಒಂದು ಗೇಣು ದಪ್ಪಕ್ಕೆ ಹಾಸಿ, ಅದರ ಮೇಲೆ ಟೆಂಟ್ ನಿಲ್ಲಿಸಿ, ಈ ಸಲ ಗಾಳಿಕಿಂಡಿಗಳನ್ನು ತೆರೆದೇ ಇಟ್ಟೆವು. ಅತ್ತ ಆಳುಗಳು ಒಣಗಲು ಹರವಿದ್ದ ಕಾಫಿಯನ್ನು ಗುಡ್ಡೆಮಾಡಿ ಟಾರ್ಪಾಲ್ ಹೊದಿಸುತ್ತಿದ್ದರು. ಹಗಲು ಒಣಗಿದ ಬೀಜ ರಾತ್ರಿಯ ಇಬ್ಬನಿಗೆ ಮತ್ತೆ ನೆನೆದರೆ ಗುಣ ಕೆಡುತ್ತದೆ. ಕಾಫಿಗೂ ಮಕ್ಕಳಿಗೂ ಒಂದೇ ಬಗೆಯ ಆರೈಕೆ ನಡೆಯುತ್ತಿರುವಂತೆ ನನಗೆ ಕಂಡಿತು.

ಆ ರಾತ್ರಿ ಜೆಮಿನಿಡ್ ಉಲ್ಕೆಗಳು ಅತಿ ಹೆಚ್ಚಾಗಿ ಬೀಳುವ ರಾತ್ರಿ. ಮನೆಯ ದೀಪಗಳನ್ನೆಲ್ಲ ಆರಿಸಿ, ಹುಲ್ಲಿನ ಮೇಲೆ ಸಾಲಾಗಿ ಮಲಗಿದೆವು. ಮಿಥುನ ರಾಶಿಯಲ್ಲಿ ಪುನರ್ವಸುವಿನ ಜೋಡಿ ನಕ್ಷತ್ರಗಳ ಹತ್ತಿರವೇ ಆ ಡಿಸೆಂಬರ್‌ನಲ್ಲಿ ಗುರುಗ್ರಹವೂ ಹೊಳೆಯುತ್ತಿದ್ದುದರಿಂದ, ಉಲ್ಕೆಗಳು ಹೊರಡುವ ದಿಕ್ಕನ್ನು ಮಕ್ಕಳಿಗೆ ತೋರಿಸುವುದು ಕಷ್ಟವಾಗಲಿಲ್ಲ. ಹೆಚ್ಚಿನ ಉಲ್ಕಾವರ್ಷಗಳು ಧೂಮಕೇತುಗಳು ಉದುರಿಸಿದ ಧೂಳಿನಿಂದ ಆಗುವಂಥವು. ಇದು ಮಾತ್ರ 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹದ ಧೂಳು. ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ಬಂದು ಗಾಳಿಯಲ್ಲಿ ಉರಿದುಹೋಗುವ ಆ ಕಣಗಳನ್ನು ಮಕ್ಕಳು ನಲವತ್ತೇಳರವರೆಗೆ ಎಣಿಸಿ, ಒಬ್ಬೊಬ್ಬರಾಗಿ ನಿದ್ದೆಹೋದರು. ಮಧ್ಯರಾತ್ರಿ ಕಳೆದು ಚಂದ್ರ ಹುಟ್ಟುವವರೆಗೂ ನಾವು ದೊಡ್ಡವರು ಮೆಲುದನಿಯಲ್ಲಿ ಮಾತಾಡುತ್ತಲೇ ಇದ್ದೆವು. ಇಷ್ಟು ಹೊತ್ತು ಒಟ್ಟಿಗೆ ಕುಳಿತು ಎಷ್ಟು ವರ್ಷವಾಗಿತ್ತೋ. ಬೆಳಗಿನ ತನಕ ಯಾವ ಮಗುವೂ ಏಳಲಿಲ್ಲ.

ಭಾನುವಾರ ಟೆಂಟಿನ ಮೇಲಿನ ಇಬ್ಬನಿಯನ್ನು ಕೊಡವಿ, ಬಿಸಿಲಿಗೆ ಒಣಹಾಕಿ, ಬಿಸಿಲೆಯ ಕಡೆಗೆ ಹೊರಟೆವು. ಅಲ್ಲಿಗೆ ಹೋಗುವ ದಾರಿಯಲ್ಲಿ, ಮಂಕನಹಳ್ಳಿಯ ಬಳಿ, ನೀರು ಎರಡು ಪಾಲಾಗುವ ಬೆಟ್ಟದ ಏಣು ಇದೆ. ಇದರ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿಯನ್ನು ಸೇರಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಮಕ್ಕಳು ಬಾಟಲಿಯ ನೀರನ್ನು ಎರಡೂ ಕಡೆ ಸುರಿದು, ಅದು ಹರಿದುಹೋಗುವುದನ್ನು ಬಗ್ಗಿ ನೋಡಿದರು. ಕಿರಿಯವಳು ಮಾತ್ರ ನನ್ನ ಕೈ ಹಿಡಿದೆಳೆದು, “ಬೆಳಿಗ್ಗೆ ಟೆಂಟಿಂದ ಕೊಡವಿದ ನೀರು ಯಾವ ಸಮುದ್ರಕ್ಕೆ ಹೋಗುತ್ತೆ?” ಎಂದು ಕೇಳಿದಳು. ತೋಟದ ಹಳ್ಳ ಯಾವ ಕಡೆ ಹರಿಯುತ್ತದೆಂದು ಗೆಳೆಯ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಲು ಕುಳಿತ.