ಅರ್ಧ ಗಂಟೆಯ ಫಾರ್ಮು

ಫಾರ್ಮಿನ ಮೇಲ್ಗಡೆಯೇ ಬರೆದಿತ್ತು, ಇದನ್ನು ತುಂಬೋಕೆ ಸುಮಾರು ಅರ್ಧ ಗಂಟೆ ಸಾಕು ಅಂತ. ಅಮೆರಿಕದಲ್ಲಿ ಕೇಂದ್ರ ಸರ್ಕಾರ ಇಂಥ ಫಾರ್ಮು ಕಳಿಸಿದರೆ ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಮೊದಲೇ ಹೇಳಬೇಕು. ಅದಕ್ಕೊಂದು ಕಾನೂನೇ ಇದೆ. ನನಗೆ ಇಪ್ಪತ್ತೇ ನಿಮಿಷ ಹಿಡಿಯಿತು. ಆಮೇಲೆ ಅದೇ ಫಾರ್ಮಿಗೆ ಒಂದು ಇಡೀ ಶನಿವಾರ ಹೋಯಿತು.

2018ರ ಮಾತು. ಹಗಲು ನನ್ನದು ಸಾಫ್ಟ್‌ವೇರ್ ಕೆಲಸ. ವಾರಕ್ಕೆರಡು ಸಂಜೆ, ಜೊತೆಗೆ ಪೇಜರ್ ಕೂಗಿದಾಗಲೆಲ್ಲ, ಪೆನ್ಸಿಲ್ವೇನಿಯಾದ ಒಂದು ಸಣ್ಣ ವಾಲಂಟಿಯರ್ ಫೈರ್ ಸ್ಟೇಷನ್ನಿನಲ್ಲಿ ಇರುತ್ತಿದ್ದೆ. ಈ ದೇಶದಲ್ಲಿ ಬೆಂಕಿ ಆರಿಸುವವರಲ್ಲಿ ಹೆಚ್ಚಿನವರು ಸಂಬಳ ಇಲ್ಲದ ನಮ್ಮಂಥವರೇ. ನಮ್ಮಲ್ಲಿ ಒಬ್ಬ ಪ್ಲಂಬರ್, ಒಬ್ಬ ಶಾಲೆ ಬಸ್ಸಿನ ಡ್ರೈವರ್, ಹಸು ಸಾಕುವ ಅಣ್ಣತಮ್ಮಂದಿರಿಬ್ಬರು, ಮತ್ತೆ ನಾನು. ‘ಕಂಪ್ಯೂಟರ್‌ನವನು’ ಅನ್ನೋ ಒಂದೇ ಕಾರಣಕ್ಕೆ ಸ್ಟೇಷನ್ನಿಗೆ ಬರುವ ಫಾರ್ಮುಗಳೆಲ್ಲ ನನ್ನ ತಲೆಗೇ ಬರುತ್ತಿದ್ದವು.

ಈ ಸಲ ಬಂದದ್ದು ಸೇಫ್‌ಕಾಮ್ ನೇಷನ್‌ವೈಡ್ ಸರ್ವೆ. ಕಳಿಸಿದ್ದು ಹೋಮ್‌ಲ್ಯಾಂಡ್ ಸೆಕ್ಯುರಿಟಿ, ಅಂದರೆ ದೇಶದ ಒಳಗಿನ ಭದ್ರತೆ ನೋಡಿಕೊಳ್ಳುವ ಇಲಾಖೆ. ಸೇಫ್‌ಕಾಮ್ ಅನ್ನೋದು ಆಪತ್ತಿನ ಹೊತ್ತಿನ ಸಂಪರ್ಕ ಸುಧಾರಿಸಲು ಇರುವ ಅದರ ಕಾರ್ಯಕ್ರಮ. ಪೊಲೀಸ್, ಫೈರ್, ಆಂಬುಲೆನ್ಸ್, 911 ಕರೆ ಎತ್ತುವ ಕೇಂದ್ರ, ಹೀಗೆ ಆಪತ್ತಿಗೆ ಓಡುವವರನ್ನೆಲ್ಲ ಕೇಳುವ ಪ್ರಶ್ನೆಗಳು. ಸುತ್ತಿ ಬಳಸಿ ಎಷ್ಟೇ ಕೇಳಿದರೂ ಒಳಗಿನ ಪ್ರಶ್ನೆ ಒಂದೇ: ಬೇಕಾದ ಹೊತ್ತಿಗೆ ನೀವು ಒಬ್ಬರ ಹತ್ತಿರ ಒಬ್ಬರು ಮಾತಾಡಬಲ್ಲಿರಾ? 2005ರಲ್ಲಿ ಕತ್ರೀನಾ ಚಂಡಮಾರುತ ಬಂದಾಗ ಫೋನು, ರೇಡಿಯೋ ಎರಡೂ ಮಲಗಿಬಿಟ್ಟಿದ್ದವು. ಮುಂದಿನ ವರ್ಷವೇ ಒಂದು ಕಾನೂನು ಬಂತು. ಕನಿಷ್ಠ 5 ವರ್ಷಕ್ಕೊಮ್ಮೆಯಾದರೂ ಈ ಸಂಪರ್ಕದ ಸ್ಥಿತಿಗತಿ ಅಳೆಯಬೇಕು ಅಂತಾಯಿತು. ಸರ್ವೆ ಹುಟ್ಟಿದ್ದು ಆ ಅಳತೆಗೆ.

ಒಂದು ಕಪ್ ಕಾಫಿ ಇಟ್ಟುಕೊಂಡು ಕೂತೆ. ರೇಡಿಯೋ ಇದೆಯಾ? ಇದೆ. ಲಿಖಿತ ನಿಯಮ? ಇದೆ, ಬೀರುವಿನಲ್ಲಿ. ತರಬೇತಿ? ಆಗುತ್ತೆ. ದಿನನಿತ್ಯದ ಕರೆಗಳಿಗೆ ಬೇರೆ ಪ್ರಶ್ನೆ, ಅಪರೂಪದ ದೊಡ್ಡ ಘಟನೆಗಳಿಗೆ ಬೇರೆ. ಸೈಬರ್ ಸುರಕ್ಷತೆ ಬಗ್ಗೆಯೂ ಕೇಳಿದ್ದರು. ಅಲ್ಲಿ ಸ್ವಲ್ಪ ನಕ್ಕೆ. ನಮ್ಮ ಕಂಪ್ಯೂಟರಿನ ಪಾಸ್‌ವರ್ಡ್ ಅದರ ಮಾನಿಟರಿಗೇ ಅಂಟಿಸಿತ್ತು. ಪಕ್ಕದ ಕೌಂಟಿಯವರ (ನಮ್ಮ ಕಡೆಯ ಲೆಕ್ಕದಲ್ಲಿ ಪಕ್ಕದ ಜಿಲ್ಲೆ ಅನ್ನಿ) ಜೊತೆ ರೇಡಿಯೋದಲ್ಲಿ ಮಾತಾಡಬಹುದಾ ಅಂತ ಬಂದಾಗ ಯೋಚನೆಯೇ ಮಾಡಲಿಲ್ಲ. ಇಬ್ಬರ ರೇಡಿಯೋದಲ್ಲೂ ವಿ-ಫೈರ್ 21 ಅನ್ನೋ ಚಾನೆಲ್ ಇದೆ. 154.280 ಮೆಗಾಹರ್ಟ್ಸ್. ದೇಶದ ಯಾವ ಮೂಲೆಯ ಫೈರ್‌ನವರಾದರೂ ಸೇರಿ ಮಾತಾಡಲಿ ಅಂತಲೇ ಎತ್ತಿಟ್ಟಿರುವ ಚಾನೆಲ್ ಅದು. ‘ಹೌದು’ ಅಂತ ಟಿಕ್ ಹಾಕಿದೆ.

ನಮ್ಮ ಹಳೇ ಲೆಫ್ಟಿನೆಂಟ್ ಹಿಂದೆ ನಿಂತಿದ್ದರು. ಅರವತ್ತು ದಾಟಿದ ಮನುಷ್ಯ. ಜಾಸ್ತಿ ಮಾತಾಡುವವರಲ್ಲ.

"ಅದಕ್ಕೆ ಹೌದು ಅಂತ ಯಾರು ಹೇಳಿದ್ದು ನಿನಗೆ?"

"ಚಾನೆಲ್ ಇದೆಯಲ್ಲ."

"ಇದೆ. ಅದರಲ್ಲಿ ಅವರ ಜೊತೆ ಯಾವತ್ತಾದರೂ ಮಾತಾಡಿದ್ದೀಯಾ?"

ಇಲ್ಲ. ಮಾತಾಡಲು ಹೋಗಿ ಮುಖ ಕೆಡಿಸಿಕೊಂಡದ್ದೇನೋ ಇತ್ತು.

ಅದು ಹಿಂದಿನ ವರ್ಷದ ಅಕ್ಟೋಬರ್. ಕೌಂಟಿ ಗಡಿಯಲ್ಲೇ ಒಂದು ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತು. ಮುಂದಿನ ರಸ್ತೆಯಿಂದ ನಾವು, ಹಿಂದಿನ ರಸ್ತೆಯಿಂದ ಅವರು. ನಡುವೆ ಉರಿಯುತ್ತಿರೋ ಕೊಟ್ಟಿಗೆ, ಹೊಗೆ. ವಿ-ಫೈರ್ 21ರಲ್ಲಿ ಕರೆದೆ. ಉತ್ತರ ಇಲ್ಲ. ಮತ್ತೆ ಕರೆದೆ. ಇಲ್ಲ. ನಾಲ್ಕನೇ ಸಲ ಕರೆದು, ಬೈದುಕೊಂಡು, ಕೊನೆಗೆ ಹಸು ಸಾಕುವ ಅಣ್ಣತಮ್ಮಂದಿರಲ್ಲಿ ಚಿಕ್ಕವನನ್ನು ಓಡಿಸಿದೆವು. ಬೇಲಿ ಸುತ್ತಿ ಹೋಗಿ ಆ ಕಡೆಯ ಕ್ಯಾಪ್ಟನ್‌ಗೆ ಹೇಳಿ, ವಾಪಸ್ ಓಡಿಬಂದು ನಮಗೆ ಹೇಳಿದ. 1995ರಲ್ಲಿ ಒಕ್ಲಹೋಮ ಸಿಟಿಯಲ್ಲಿ ಬಾಂಬ್ ಸಿಡಿದಾಗಲೂ ಹೀಗೇ ಆಳುಗಳನ್ನು ಓಡಿಸಿ ಸುದ್ದಿ ಮುಟ್ಟಿಸಿದ್ದರಂತೆ. ಬೂಟು, ಕೋಟು ಎಲ್ಲ ತೊಟ್ಟುಕೊಂಡು ಗದ್ದೆ ಬಯಲಲ್ಲಿ ಓಡುವವನನ್ನು ಕಂಡರೆ ಅಯ್ಯೋ ಅನಿಸುತ್ತೆ. ಪಕ್ಕದವರು ರೇಡಿಯೋ ಆನ್ ಮಾಡದ ಸೋಮಾರಿಗಳು ಅಂತ ಅವತ್ತೇ ತೀರ್ಮಾನಿಸಿದ್ದೆ.

ಲೆಫ್ಟಿನೆಂಟ್ ಫೋನ್ ತೆಗೆದು ಪಕ್ಕದ ಕೌಂಟಿಯ ಕ್ಯಾಪ್ಟನ್‌ಗೆ ಹಚ್ಚಿದರು. ಶನಿವಾರ ಬೆಳಿಗ್ಗೆ ಗಡಿ ಹತ್ತಿರದ ದಿಣ್ಣೆಗೆ ಬರ್ತೀರಾ, ಇವನೊಬ್ಬ ಸರ್ಕಾರಿ ಫಾರ್ಮು ತುಂಬುತ್ತಿದ್ದಾನೆ ಅಂದರು. ಆ ಕಡೆಯಿಂದ ನಗು ಕೇಳಿಸಿತು.

ಶನಿವಾರ ವಿಪರೀತ ಚಳಿ. ಅವರ ಟ್ರಕ್ ಎದುರು ದಿಣ್ಣೆಯ ಮೇಲೆ, ನಮ್ಮದು ಈ ಕಡೆ. ನಡುವೆ ಒಂದು ಮೈಲಿ ಇದ್ದೀತು. ಕಣ್ಣಿಗೆ ಕಾಣುವಷ್ಟು ಹತ್ತಿರ. ಲೆಫ್ಟಿನೆಂಟ್ ಕೈಯಲ್ಲಿ ಮೊಬೈಲ್, ನನ್ನ ಕೈಯಲ್ಲಿ ವಾಕಿಟಾಕಿ. ಗುಬುಟು ತಿರುಗಿಸಿ ವಿ-ಫೈರ್ 21ಕ್ಕೆ ಬಂದು ಕರೆದೆ. ನನ್ನ ‘ವಿ’ ಅಕ್ಷರದ ಬಗ್ಗೆ ಸ್ಟೇಷನ್ನಿನಲ್ಲಿ ಒಂದು ತಮಾಷೆ ಇದೆ. ಕನ್ನಡದ ನಾಲಿಗೆಗೆ ‘ವಿ’ಯೂ ‘ಡಬ್ಲ್ಯೂ’ವೂ ಒಂದೇ ‘ವ’. ನಾನು ‘ವೀ ಫೈರ್’ ಅಂದರೆ ಅವರಿಗೆ ‘ನಾವು ಬೆಂಕಿ’ ಅಂದಂತೆ ಕೇಳಿಸುತ್ತಂತೆ.

ಉತ್ತರ ಇಲ್ಲ. ರೇಡಿಯೋ ಸುಮ್ನೆ ಕೂತಿದೆ.

"ಕೇಳಿಸ್ತಾ?" ಅಂತ ಲೆಫ್ಟಿನೆಂಟ್ ಮೊಬೈಲಿನಲ್ಲಿ ಕೇಳಿದರು.

"ಚೆನ್ನಾಗಿ ಕೇಳಿಸ್ತು. ಉತ್ತರವೂ ಕೊಟ್ಟೆನಲ್ಲ, ಎರಡು ಸಲ!"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಲೆಫ್ಟಿನೆಂಟ್ ಕೈಗವಸು ಕಳಚಿ ನನ್ನ ರೇಡಿಯೋ ಇಸಕೊಂಡರು. ಅದರ ಪಕ್ಕದಲ್ಲಿ, ಮಾತಾಡುವ ದೊಡ್ಡ ಗುಂಡಿಯ ಕೆಳಗೆ, ಒಂದು ಪುಟ್ಟ ಗುಂಡಿ ಇದೆ. ಮಾನಿಟರ್ ಗುಂಡಿ. ಮೂರು ವರ್ಷದಲ್ಲಿ ನಾನದನ್ನು ಒಮ್ಮೆಯೂ ಒತ್ತಿರಲಿಲ್ಲ. ಅವರು ಹೆಬ್ಬೆರಳಿಟ್ಟು ಅದುಮಿ ಹಿಡಿದರು. ಸ್ಪೀಕರಿನಿಂದ ‘ಶ್‌ಶ್’ ಅಂತ ಮಳೆ ಸುರಿದ ಹಾಗೆ ಸದ್ದು. ಆ ಸದ್ದನ್ನು ಸೀಳಿಕೊಂಡು, ಕಿವಿಯ ಪಕ್ಕದಲ್ಲೇ ನಿಂತವರಂತೆ, ಕ್ಯಾಪ್ಟನ್ ಧ್ವನಿ: "ಮೂರನೇ ಸಲ ಹೇಳ್ತಾ ಇದ್ದೀನಿ, ನಿಮ್ಮ ಮಾತು ಕೇಳಿಸ್ತಿದೆ." ಬೆರಳು ತೆಗೆದರು. ಮತ್ತೆ ಮೌನ. ಒತ್ತಿದರು, ಧ್ವನಿ. ತೆಗೆದರು, ಮೌನ.

ಅವರು ಮಾತಾಡುತ್ತಲೇ ಇದ್ದರು. ಅಕ್ಟೋಬರಿನಲ್ಲೂ ಮಾತಾಡುತ್ತಲೇ ಇದ್ದರು.

ಕಾರಣ ಇಷ್ಟೇ. ಈ ಹಂಚಿಕೆಯ ಚಾನೆಲ್‌ಗಳಲ್ಲಿ ಮಾತಿನ ಅಡಿಯಲ್ಲಿ ಒಂದು ಸಣ್ಣ ಗುಂಯ್‌ ಸದ್ದು ಕಳಿಸಬೇಕು. 156.7 ಹರ್ಟ್ಸ್. ರೇಡಿಯೋದವರು ಇದನ್ನು ಪಿಎಲ್ ಟೋನ್ ಅನ್ನುತ್ತಾರೆ. ನಮ್ಮ ಕಿವಿಗೆ ಅದು ಬೀಳೋದಿಲ್ಲ, ರೇಡಿಯೋ ಸೋಸಿಬಿಡುತ್ತೆ. ಆದರೆ ಕೇಳುವ ರೇಡಿಯೋಗೆ ಅದೇ ಬಾಗಿಲ ಗುರುತು. ಗುರುತು ಸಿಕ್ಕರೆ ಸ್ಪೀಕರ್ ತೆರೆಯುತ್ತೆ, ಇಲ್ಲದಿದ್ದರೆ ಎಷ್ಟೇ ಜೋರಾದ ಮಾತು ಬಂದರೂ ಕದ ತೆಗೆಯೋದಿಲ್ಲ. ಬೇಡದ ಗೊರಗೊರ ಸದ್ದು ಒಳಗೆ ಬರದಿರಲಿ ಅಂತ ಮಾಡಿದ ಏರ್ಪಾಡು. ಮಾನಿಟರ್ ಗುಂಡಿ ಒತ್ತಿದರೆ ಮಾತ್ರ ಗುರುತು ಕೇಳದೆಯೇ ಕದ ತೆರೆಯುತ್ತೆ. ನಮ್ಮ ರೇಡಿಯೋಗಳಲ್ಲಿ ಟೋನ್ ಇತ್ತು. ಅವರ ರೇಡಿಯೋಗಳಲ್ಲಿ ಅದನ್ನು ಹಾಕೋದನ್ನೇ ಮರೆತಿದ್ದರು. ಹಾಗಾಗಿ ನಾವು ಅಂದದ್ದೆಲ್ಲ ಅವರಿಗೆ ಕೇಳುತ್ತಿತ್ತು, ಅವರು ಅಂದದ್ದು ನಮಗೆ ಇಲ್ಲ. ಅವರ ಪಾಲಿಗೆ ಕರೆದು ಕರೆದು ಉತ್ತರ ಕೊಟ್ಟರೂ ಲಕ್ಷ್ಯ ಮಾಡದ ಸೊಕ್ಕಿನವರು ನಾವು.

ಯಾವಾಗ ತಪ್ಪಿತು ಅಂತ ಲೆಫ್ಟಿನೆಂಟ್ ಆಮೇಲೆ ಲೆಕ್ಕ ಹಾಕಿದರು. 2013ರ ಜನವರಿ 1ರೊಳಗೆ ದೇಶದ ಇಂಥ ರೇಡಿಯೋಗಳೆಲ್ಲ 25 ಕಿಲೋಹರ್ಟ್ಸ್‌ನ ಚಾನೆಲ್ ಅಗಲ ಬಿಟ್ಟು 12.5ಕ್ಕೆ ಇಳಿಯಬೇಕಿತ್ತು, ಚಾನೆಲ್‌ಗಳಿಗೆ ಜಾಗ ಸಾಲದು ಅಂತ. ಪ್ರತಿ ರೇಡಿಯೋವನ್ನೂ ಕೇಬಲ್ ಹಾಕಿ ಹೊಸದಾಗಿ ಪ್ರೋಗ್ರಾಮ್ ಮಾಡಬೇಕಾಯಿತು. ಆ ಗಡಿಬಿಡಿಯಲ್ಲಿ ಯಾರೋ ಒಂದು ಖಾನೆ ಖಾಲಿ ಬಿಟ್ಟಿರಬೇಕು. ಹಾಗಾದರೆ 5 ವರ್ಷ ನಾವು ಅವರ ಪಾಲಿಗೆ ಕಿವುಡರಾಗಿದ್ದೆವು. ಆ 5 ವರ್ಷದಲ್ಲಿ ಯಾರು ಯಾವ ಫಾರ್ಮು ತುಂಬಿದ್ದರೂ ‘ಹೌದು’ ಅಂತಲೇ ಟಿಕ್ ಬೀಳುತ್ತಿತ್ತು. ಸುಳ್ಳಂತೂ ಅಲ್ಲ. ಚಾನೆಲ್ ಇತ್ತಲ್ಲ!

ವಾಪಸ್ ಬರುವಾಗ ಲೆಫ್ಟಿನೆಂಟ್ ವರ್ಲ್ಡ್ ಟ್ರೇಡ್ ಸೆಂಟರಿನ ಮಾತು ತೆಗೆದರು. ನಮ್ಮಲ್ಲಿ ಯಾರೂ ಸುಲಭಕ್ಕೆ ತೆಗೆಯುವ ಮಾತಲ್ಲ ಅದು. ಆ ಒಂದು ಬೆಳಿಗ್ಗೆ ನ್ಯೂಯಾರ್ಕಿನ 343 ಅಗ್ನಿಶಾಮಕರು ಹೋದರು. 1993ರಲ್ಲಿ ಅಲ್ಲಿ ಬಾಂಬ್ ಸಿಡಿದಾಗ ಎತ್ತರದ ಮಹಡಿಗಳಲ್ಲಿ ರೇಡಿಯೋ ಸರಿಯಾಗಿ ಕೇಳಿಸಿರಲಿಲ್ಲ. ಅದಕ್ಕೇ ಅಲ್ಲಿ ಒಂದು ರಿಪೀಟರ್ ಕೂರಿಸಿದ್ದರು, ಕ್ಷೀಣ ಸಿಗ್ನಲ್ ಹಿಡಿದು ಜೋರು ಮಾಡಿ ಕಳಿಸುವ ಯಂತ್ರ. 2001ರ ಸೆಪ್ಟೆಂಬರ್ 11ರಂದು ಉತ್ತರ ಗೋಪುರದ ಲಾಬಿಯಲ್ಲಿ ಅದನ್ನು ಪರೀಕ್ಷಿಸಿದ ಚೀಫ್‌ಗಳಿಗೆ ಅದು ಕೆಲಸ ಮಾಡುತ್ತಿಲ್ಲ ಅನಿಸಿತು. ಬೇರೆ ಚಾನೆಲ್ಲಿಗೆ ಹೋದರು. ತನಿಖಾ ಆಯೋಗ ಆಮೇಲೆ ನೋಡಿದಾಗ ರಿಪೀಟರ್ ಚೆನ್ನಾಗಿಯೇ ಇತ್ತು. ಎರಡು ಗುಂಡಿ ಒತ್ತಬೇಕಿತ್ತು. ಒಂದನ್ನಷ್ಟೇ ಒತ್ತಿದ್ದರು. ಲಾಬಿಯ ಹ್ಯಾಂಡ್‌ಸೆಟ್ಟಿಗೆ ಜೀವ ಕೊಡುವ ಎರಡನೆಯದು ಹಾಗೇ ಉಳಿದಿತ್ತು. ದಕ್ಷಿಣ ಗೋಪುರದಲ್ಲಿ ಮೇಲೆ ಹೋದವರು ಅದೇ ರಿಪೀಟರ್ ಬಳಸಿ ಮಾತಾಡಿದ್ದರು.

"ಅವತ್ತಿನ ಹಿಂದಿನ ದಿನ ಸರ್ವೆ ಬಂದಿದ್ದರೆ ಅವರೂ ಹೌದು ಅಂತಲೇ ಬರೀತಿದ್ದರು" ಅಂದರು. ಮುಂದಕ್ಕೆ ಏನೂ ಹೇಳಲಿಲ್ಲ. ಸ್ಟೇಷನ್ ಬರುವವರೆಗೂ ಹೀಟರ್ ಸದ್ದೊಂದೇ.

ಅದೇ ದಿನ ದಾಳಿಗೆ ಸಿಕ್ಕ ಪೆಂಟಗನ್‌ನಲ್ಲಿ, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿಯಲ್ಲಿ, ಕೆಲಸ ಇದಕ್ಕಿಂತ ಚೆನ್ನಾಗಿ ನಡೆಯಿತು ಅಂತ ಆಯೋಗವೇ ಹೇಳಿದೆ. ಅಲ್ಲಿ ಸುತ್ತಲಿನ ಊರುಗಳವರಿಗೆ ಮೊದಲೇ ಒಬ್ಬರಿಗೊಬ್ಬರ ಪರಿಚಯ, ನಂಬಿಕೆ ಇತ್ತು. ಸೇರಿ ಅಭ್ಯಾಸ ಮಾಡಿದ್ದರು. ಪರಿಚಯಕ್ಕೆ ಯಾವ ಖಾನೆಯಲ್ಲಿ ಟಿಕ್ ಹಾಕೋದು, ಅಲ್ವಾ? ಆದರೂ ಸೇಫ್‌ಕಾಮ್‌ನವರನ್ನು ಪೂರ್ತಿ ಬೈಯಲಾರೆ. ಅವರದೊಂದು ಪಟ್ಟಿ ಇದೆ, ಐದು ಪಟ್ಟೆಗಳದ್ದು: ಆಡಳಿತ, ನಿಯಮ, ತಂತ್ರಜ್ಞಾನ, ತರಬೇತಿ, ಬಳಕೆ. ಯಂತ್ರ ಐದರಲ್ಲಿ ಒಂದೇ ಪಾಲು. ತಂತ್ರಜ್ಞಾನದ ಪಟ್ಟೆಯ ತೀರಾ ಕೆಳಗಿನ ಮೆಟ್ಟಿಲು ಏನು ಗೊತ್ತಾ? ಒಬ್ಬರ ರೇಡಿಯೋ ಇನ್ನೊಬ್ಬರ ಕೈಗೆ ಕೊಡೋದು. ನಾವು ಅದಕ್ಕೂ ಕೆಳಗಿದ್ದೆವು. ಹುಡುಗನನ್ನು ಓಡಿಸಿದ್ದೆವು.

ಸಂಜೆ ಮತ್ತೆ ಫಾರ್ಮು ತೆಗೆದೆ. ಈಗ ಒಂದೊಂದು ‘ಇದೆ’ಯೂ ಕೆಣಕತೊಡಗಿತು. ಲಿಖಿತ ನಿಯಮ ಇದೆ ಅಂದೆನಲ್ಲ, ಬೀರು ತೆಗೆದು ನೋಡಿದೆ. ಅದರಲ್ಲಿ ಬರೆದಿದ್ದ ಚಾನೆಲ್ ಹೆಸರುಗಳೇ ಹಳೆಯವು. ಇನ್ನೂ ಟೆನ್ ಕೋಡುಗಳಿದ್ದವು, ಮಾತಿನ ಬದಲು ಹೇಳುವ ಅಂಕೆಯ ಸಂಕೇತಗಳು. ಅವಕ್ಕೆ ಒಬ್ಬೊಬ್ಬರದು ಒಂದೊಂದು ಅರ್ಥ, ಅದಕ್ಕೇ ಹಲವರು ಸೇರುವ ಕಡೆ ಅವನ್ನು ಬಿಟ್ಟು ಸಾದಾ ಮಾತಿನಲ್ಲಿ ಹೇಳಿ ಅಂತ ಸರ್ಕಾರ ಹೇಳಿ ಹತ್ತು ವರ್ಷ ದಾಟಿತ್ತು. ತರಬೇತಿ ಆಗುತ್ತೆ, ನಮ್ಮ ನಮ್ಮಲ್ಲೇ. ಬೇರೆಯವರ ಜೊತೆ ರೇಡಿಯೋ ಹಿಡಿದು ಅಭ್ಯಾಸ ಮಾಡಿದ್ದು ಇವತ್ತು ಬೆಳಿಗ್ಗೆ, ನಲವತ್ತು ನಿಮಿಷ. ‘ಹೌದು’ಗಳು ಒಂದೊಂದಾಗಿ ಕೆಳಗಿಳಿದವು.

ಚೀಫ್‌ಗೆ ಅಷ್ಟೇನೂ ಖುಷಿಯಾಗಲಿಲ್ಲ. "ಇದನ್ನು ನೋಡಿದವರು ನಾವೇನೂ ಮಾಡ್ತಿಲ್ಲ ಅಂದುಕೊಳ್ಳಲ್ವಾ?" ಅಂದರು. ನ್ಯಾಯವಾದ ಮಾತೇ. ಅಂಕ ಕಡಿಮೆ ಬಂದರೆ ನೆರವು ಸಿಗುತ್ತೋ, ಬೈಗುಳ ಸಿಗುತ್ತೋ ಯಾರಿಗೆ ಗೊತ್ತು. ಇಂಥ ಸರ್ವೆಗಳ ದೊಡ್ಡ ಕಷ್ಟ ಅದೇ ಅಂತ ನನಗನಿಸುತ್ತೆ, ಪರೀಕ್ಷೆ ಬರೆಯುವವನೇ ತಿದ್ದುವವನೂ. 2006ರ ಮೊದಲ ದೊಡ್ಡ ಸರ್ವೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಂಸ್ಥೆಗಳು ತಮಗೆ ಬೇರೆಯವರ ಜೊತೆ ಒಂದಲ್ಲ ಒಂದು ಮಟ್ಟದ ಸಂಪರ್ಕ ಇದೆ ಅಂದಿದ್ದವು. ಅವರಲ್ಲಿ ನನ್ನ ಹಾಗೆ ಕಾಫಿ ಕುಡಿಯುತ್ತಾ ತುಂಬಿದವರು ಎಷ್ಟೋ. ಕೊನೆಗೆ ಚೀಫೇ "ಕಳಿಸು" ಅಂದರು.

ಪಕ್ಕದವರ ರೇಡಿಯೋ ಸರಿಮಾಡಿಸಲು ಆರು ವಾರ ಬೇಕಾಯಿತು. ಕೆಲಸ ಒಂದೊಂದಕ್ಕೆ ಐದೇ ನಿಮಿಷದ್ದು. ರೇಡಿಯೋ ರಿಪೇರಿಯವನು ಸಿಗೋದೇ ಕಷ್ಟ. ಅಲ್ಲಿಯವರೆಗೆ ಲೆಫ್ಟಿನೆಂಟ್ ನಮ್ಮ ಪ್ರತಿ ವಾಕಿಟಾಕಿಯ ಪುಟ್ಟ ಗುಂಡಿಯ ಪಕ್ಕ ಒಂದು ಚೂರು ಬಿಳಿ ಟೇಪ್ ಅಂಟಿಸಿದರು. ಕತ್ತಲಲ್ಲೂ ಬೆರಳಿಗೆ ಸಿಗಲಿ ಅಂತ.

ಏಪ್ರಿಲ್‌ನಲ್ಲಿ ಜಂಟಿ ಅಭ್ಯಾಸ ಇಟ್ಟುಕೊಂಡೆವು. ಅದೇ ದಿಣ್ಣೆ, ಈ ಸಲ ಬಿಸಿಲು. ನಾನು ಗುಬುಟು ತಿರುಗಿಸಿ, ಗಂಟಲು ಸರಿಮಾಡಿಕೊಂಡು ವಿ-ಫೈರ್ 21ರಲ್ಲಿ ಕರೆದೆ. ಹೆಬ್ಬೆರಳು ಅಭ್ಯಾಸಬಲದಿಂದ ಬಿಳಿ ಟೇಪಿನ ಮೇಲೆ ಹೋಗಿತ್ತು. ಲೆಫ್ಟಿನೆಂಟ್ ನನ್ನ ಕೈ ಮೆಲ್ಲಗೆ ಸರಿಸಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗೊರಗೊರ ಇಲ್ಲದ ಸ್ವಚ್ಛ ಧ್ವನಿ:

"ಕೇಳಿಸ್ತು. ಆದರೆ ನಾವು ಬೆಂಕಿ ಅಲ್ಲಪ್ಪ, ಬೆಂಕಿ ಆರಿಸೋರು."